ಮಂಕಾದ ಮುಖದ ತೆನೆಯಮ್ಮ

“ಸ್ಟೂಲಿನಿಂದ ಬಿದ್ದರೆ ನನ್ನನ್ನು ಕೇಳ್ಬೇಡಿ ಜಯಲತಕ್ಕ,” ಎಂದ ಯೋಗೀಶ.

“ಬಿದ್ದರೆ ನಿಮ್ಮ ತೆನೆಯಮ್ಮನ ಮೇಲೆಯೇ ಬೀಳ್ತೇನೆ. ಮತ್ತೆ ಅಸಲಿಯಾ ನಕಲಿಯಾ ಅಂತ ಕೇಳುವ ತಾಪತ್ರಯವೇ ಇಲ್ಲ. ನೀನು ಆ ಟಾರ್ಚು ಸರಿ ಹಿಡಿ ಮಾರಾಯ.”

ಅವನು ಮೊಬೈಲಿನ ಬೆಳಕನ್ನು ಮೇಲಕ್ಕೆತ್ತಿದ. ಐವತ್ತು ದಾಟಿದ ಹೆಂಗಸೊಬ್ಬಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಕಲ್ಲಿನ ಹೆಂಗಸಿನ ಕಿವಿಯ ಹಿಂದೆ ಇಣುಕುವುದು ನೋಡುವವರಿಗೆ ತಮಾಷೆಯೇ ಇರಬೇಕು. ಆದರೆ ಸೀವುಡ್ಸಿನ ಆ ಫ್ಲ್ಯಾಟಿನ ಹಾಲಿನಲ್ಲಿ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಗುರಮ್ಮ ನೆಲದ ಮೇಲೆ ಕುಳಿತಿದ್ದಳು. ಸೋಫಾದಲ್ಲಿ ಕೂರು ಎಂದು ನಾನು ಗದರಿಸಿದರೂ ಅವಳು ಏಳಲಿಲ್ಲ. ಟೆಂಪೊ ಓಡಿಸುವ ಅವಳ ಗಂಡ ಸಿದ್ರಾಮ ನಿನ್ನೆ ರಾತ್ರಿಯಿಂದ ಲಾಕಪ್ಪಿನಲ್ಲಿದ್ದ.

ಅವನ ಮೇಲಿನ ಆರೋಪ ಇಷ್ಟು: ಠಾಣೆ ಶಹರದ ಹಳೆಯ ಹೋಟೆಲಿನಿಂದ ಈ ಫ್ಲ್ಯಾಟಿಗೆ ಅಮೃತಶಿಲೆಯ ಮೂರ್ತಿಯನ್ನು ಟೆಂಪೊದಲ್ಲಿ ತರುವಾಗ ದಾರಿಯಲ್ಲಿ ಅಸಲನ್ನು ಇಳಿಸಿ ನಕಲನ್ನು ಏರಿಸಿದ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಹಾಜರು ಮಾಡುತ್ತಾರೆ. ದೂರು ಕೊಟ್ಟ ಮೂರ್ತಿಯ ಒಡೆಯ ಯೋಗೀಶ ಅಷ್ಟರೊಳಗೆ ತಪ್ಪು ತಿಳಿದು ಕೊಟ್ಟೆ ಎಂದು ಒಪ್ಪಿಕೊಳ್ಳದಿದ್ದರೆ ಸಿದ್ರಾಮ ಅಲ್ಲಿಂದ ಸೀದಾ ತಳೋಜಾ ಜೈಲಿಗೆ ಹೋಗುತ್ತಾನೆ.

“ಜೈಲಿಂದ ಯಾವಾಗರೆ ಬರ್ತಾರ್ರಿ ಅಕ್ಕಾರ,” ಎಂದಿದ್ದಳು ಗುರಮ್ಮ, ಬೆಳಿಗ್ಗೆ ಡೊಂಬಿವಲಿಯ ನನ್ನ ಮನೆಗೆ ಬಂದಾಗ. “ಆದ್ರ ದೇವರ ಕಳ್ಳ ಅನ್ನೂ ಹೆಸರು ಹೋಗ್ತದೇನ್ರಿ? ಟೆಂಪೊದಾಗ ಇನ್ನ ಯಾರು ಸಾಮಾನ ಏರಸ್ತಾರ್ರಿ ಅವರ ಕೈಯಾಗ? ಊರಾಗ ನಮ್ಮತ್ತಿ ಅದಾಳ. ಆಕೀಗೆ ಏನಂತ ಹೇಳ್ಲಿ?”

ನಾನು ಇನ್ಶೂರೆನ್ಸ್ ಕಂಪನಿಯಲ್ಲಿ ಸರ್ವೇಯರ್ ಆಗಿದ್ದವಳು. ಸುಟ್ಟ ಗೋದಾಮು, ಮುಳುಗಿದ ಲಾರಿ, ಕಳುವಾಗದೆ ಕಳುವಾದ ಆಭರಣ, ಇವುಗಳ ನಡುವೆ ಆಯುಷ್ಯ ಕಳೆದಿದ್ದೇನೆ. ವಾಲಂಟರಿ ರಿಟೈರ್‌ಮೆಂಟ್ ಪಡೆದ ಮೇಲೂ ಜನ ಹುಡುಕಿಕೊಂಡು ಬರುತ್ತಾರೆ, ನಾನು ಬೈಯುತ್ತಲೇ ಚಪ್ಪಲಿ ಮೆಟ್ಟುತ್ತೇನೆ. ಆದರೆ ಈ ಕೇಸಿಗೆ ಬೈಯಲೂ ಮನಸ್ಸಾಗಲಿಲ್ಲ. ಕಾರಣ, ತೆನೆಯಮ್ಮ.

ತೆನೆಯಮ್ಮನನ್ನು ನಾನು ಇಂದು ನಿನ್ನೆ ಕಂಡವಳಲ್ಲ. ನಾನು ಟೈಪಿಸ್ಟ್ ಆಗಿ ಠಾಣೆಗೆ ಬಂದು ಇಳಿದಾಗ ನನಗೆ ಗೊತ್ತಿದ್ದದ್ದು ಎರಡೇ ಜಾಗ, ಒಂದು ಆಫೀಸು, ಇನ್ನೊಂದು ಮಾಸುಂದಾ ಕೆರೆಯ ಹತ್ತಿರದ ತ್ಯಾಂಪಣ್ಣ ಶೆಟ್ಟರ ಹೋಟೆಲು. ಬೆಳಿಗ್ಗೆ ವಾಗ್ಳೆ ಎಸ್ಟೇಟಿಗೆ ಹೋಗುವ ಕಾರ್ಖಾನೆಯವರ ಗದ್ದಲ, ಮಧ್ಯಾಹ್ನ ಗುಮಾಸ್ತರ ಗದ್ದಲ, ಸಂಜೆ ನಮ್ಮ ಊರಿನವರದೇ ಗದ್ದಲ. ಯಕ್ಷಗಾನದ ಟಿಕೇಟು ಸಿಗುತ್ತಿದ್ದದ್ದು ಆ ಗಲ್ಲಾದಲ್ಲಿ. ಊರಿನ ಬಸ್ಸಿನಲ್ಲಿ ಬಂದ ಹಳಸಲು ಕನ್ನಡ ಪೇಪರು ಕೈಯಿಂದ ಕೈಗೆ ದಾಟುತ್ತಿದ್ದದ್ದು ಅಲ್ಲಿ. ಬಾಡಿಗೆ ಕೋಣೆ ಬೇಕಾದವರೂ ಹೆಣ್ಣು ನೋಡುವವರೂ ಅಲ್ಲಿಗೇ ಬರಬೇಕು. ಸಂಬಳ ಬಂದ ದಿನ ನಾನೊಬ್ಬಳೇ ಮೂಲೆಯ ಟೇಬಲಿನಲ್ಲಿ ಕುಳಿತು ಗೋಳಿಬಜೆ ತಿನ್ನುತ್ತಿದ್ದೆ. ಒಬ್ಬಳೇ ಹೆಂಗಸು ಹೋಟೆಲಿನಲ್ಲಿ ಕೂರುವುದನ್ನು ಜನ ತಿರುಗಿ ನೋಡುತ್ತಿದ್ದ ಕಾಲ ಅದು. ಆ ಮೂಲೆಯಲ್ಲಿ ನನ್ನ ಜೊತೆಗೆ ಇರುತ್ತಿದ್ದವಳು ತೆನೆಯಮ್ಮ ಮಾತ್ರ.

ಅವಳು ನಮ್ಮ ದೇವಿಯೇ ಅಲ್ಲ ಎನ್ನುವುದು ಯಾರಿಗೆ ಗೊತ್ತಿತ್ತು? ಎಲ್ಲಿಯದೋ ಹಳೆಯ ಬಂಗಲೆ ಕೆಡಹುವಾಗ ತ್ಯಾಂಪಣ್ಣ ಶೆಟ್ಟರು ಬಾಗಿಲು ಕಿಟಕಿಗಳ ಜೊತೆಗೆ ಅವಳನ್ನೂ ತಂದಿದ್ದರಂತೆ. ಮೊದಲು ಎಲ್ಲರೂ ಮಡಮ್ಮನ, ಎಂದರೆ ಬಿಳಿಯ ದೊರೆಸಾನಿಯ, ಗೊಂಬೆ ಎಂದು ನಕ್ಕರು. ಆಮೇಲೆ ಶೆಟ್ಟರ ತಾಯಿ ಊರಿನಿಂದ ಬಂದರು. ಬಂದವರೇ ಆ ಕಲ್ಲಿನ ಕೈಯಲ್ಲಿದ್ದ ತೆನೆಯ ಕಟ್ಟನ್ನು ನೋಡಿ ಕೈ ಮುಗಿದರು. ನಮ್ಮ ಕಡೆ ಹೊಸ ತೆನೆಯನ್ನು ಮನೆಗೆ ತಂದು ಕಟ್ಟಿ ಪೂಜೆ ಮಾಡುವವರು ನಾವು. ತೆನೆ ಹಿಡಿದು ನಿಂತವಳನ್ನು ಗೊಂಬೆ ಎನ್ನಲಿಕ್ಕಾಗುತ್ತದೆಯೇ? ಜಾರಿದ ಸೆರಗಿನ ಹೆಗಲು ನೋಡಲಾಗದೆ ಅಜ್ಜಿ ತಮ್ಮದೇ ಒಂದು ಸೀರೆ ಉಡಿಸಿದರು, ಎದುರಿಗೆ ಹಿತ್ತಾಳೆಯ ಕಾಲುದೀಪ ಹಚ್ಚಿದರು, ಕಣ್ಣುಗುಡ್ಡೆ ಕೆತ್ತದೆ ಬಿಟ್ಟಿದ್ದ ಕಣ್ಣಿಗೆ ಕಾಡಿಗೆಯಿಂದ ದೃಷ್ಟಿ ಬರೆದರು. ಅಲ್ಲಿಂದ ಅವಳು ತೆನೆಯಮ್ಮ. ಹೊಸದಾಗಿ ಕೆಲಸಕ್ಕೆ ಸೇರಿದವನು ಅವಳಿಗೆ ಅಡ್ಡಬಿದ್ದೇ ಲೋಟ ತೊಳೆಯಲು ಹೋಗುತ್ತಿದ್ದ.

ಈಗ ಹೋಟೆಲೂ ಇಲ್ಲ, ಶೆಟ್ಟರೂ ಇಲ್ಲ. ಟವರಿಗಾಗಿ ಕೆಡಹಲಿರುವ ಆ ಬೀಗ ಹಾಕಿದ ಕಟ್ಟಡದಲ್ಲಿ ಮೊನ್ನೆಯವರೆಗೆ ತೆನೆಯಮ್ಮ ಒಬ್ಬಳೇ ಇದ್ದಳು. ಮಗ ಯೋಗೀಶ ತಾಯಿಯನ್ನು ಕರೆದುಕೊಂಡು ಸೀವುಡ್ಸಿಗೆ ಬಂದಿದ್ದಾನೆ. ಈ ಹಾಲಿನಲ್ಲಿ ದೇವಿಯನ್ನು ಇಡಲು ಜಾಗ ಎಲ್ಲಿದೆ ಎಂದು ಅವಳನ್ನು ಮಾರಲು ಹೊರಟ. ಫೋಟೊ ನೋಡಿದ ಹೃಷೀಕೇಶ ಎಂಬ ಹಳೇ ವಸ್ತುಗಳ ಪಂಡಿತ, ದೊಡ್ಡ ಗಿರಾಕಿಗಳ ಪರವಾಗಿ ಕೊಳ್ಳುವವನು, ಹಿಗ್ಗಿ ಹೋದ. ಇವಳು ರೋಮಿನವರ ಧಾನ್ಯದೇವತೆ ಸಿರೀಸ್ ಎಂದ. ಮಗಳನ್ನು ಪಾತಾಳದ ರಾಜ ಹೊತ್ತುಕೊಂಡು ಹೋದದ್ದಕ್ಕೆ ಲೋಕದಲ್ಲಿ ಒಂದು ತೆನೆಯೂ ಹುಟ್ಟದಂತೆ ಮಾಡಿದವಳಂತೆ. ಕೆತ್ತಿದ್ದು ಮಾತ್ರ ಆ ಕಾಲದಲ್ಲಲ್ಲ, ಸುಮಾರು ಇನ್ನೂರು ವರ್ಷದ ಹಿಂದೆ ಇಟಲಿಯಲ್ಲಿ. ಯುರೋಪಿನ ಶಿಲ್ಪಿಗಳಿಗೆಲ್ಲ ಆಗ ಹಳೇ ರೋಮಿನ ಹುಚ್ಚು ಹಿಡಿದಿತ್ತಂತೆ. ತಾವು ಕಣ್ಣಲ್ಲಿ ಕಾಣದ ಕಾಲಕ್ಕಾಗಿ ಹಂಬಲಿಸಿ ಅವರು ಕಲ್ಲು ಕಡೆದರು. ನಾನು ಕಣ್ಣಾರೆ ಕಂಡ ಕಾಲವೊಂದು ಕೆರೆಯ ದಂಡೆಯಿಂದ ಮಾಯವಾದಾಗ ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮೂರ್ತಿ ಇಲ್ಲಿಗೆ ಬಂದ ಮರುದಿನ ಹೃಷೀಕೇಶ ಬಂದು ನೋಡಿ, ಮುಖ ಸಿಂಡರಿಸಿಕೊಂಡು, “ಇದು ಫೋಟೊದಲ್ಲಿದ್ದ ಮೂರ್ತಿ ಅಲ್ಲ, ಯಾವುದೋ ಪುಡಿ ಕಲಸಿ ಎರಕ ಹೊಯ್ದದ್ದು” ಎಂದುಬಿಟ್ಟ. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವ ಜಾತಿಯವನು ಯೋಗೀಶ. ಅದೇ ಸಂಜೆ ಪೊಲೀಸರ ಹತ್ತಿರ ಓಡಿದ.

“ಅಕ್ಕ, ನೀವೇ ನೋಡಿ,” ಎಂದ ಅವನು ಈಗ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಫೋಟೊ. “ಫೋಟೊದಲ್ಲಿ ಮುಖ ಹೇಗೆ ಹೊಳೀತದೆ. ಇಲ್ಲಿ ನೋಡಿ, ಸುಣ್ಣ ಬಳಿದ ಗೋಡೆ. ಇದಕ್ಕೆ ನಾನು ಏನಂತ ಹೇಳ್ಬೇಕು?”

ಸುಳ್ಳಲ್ಲ. ಕೆನ್ನೆ, ಹಣೆ, ಕತ್ತು, ತೋಳು, ಎಲ್ಲ ಮಂಕಾಗಿತ್ತು. ಬೆರಳಾಡಿಸಿದರೆ ತರಿತರಿ.

“ಹೃಷೀಕೇಶ ಇದನ್ನು ಬೇಡ ಅಂತ ಬಿಟ್ಟು ಹೋದನಾ?”

“ಇಲ್ಲ. ನಕಲಿ ಆದರೂ ಚೆಂದ ಉಂಟು, ತೋಟದಲ್ಲಿ ಇಡ್ಲಿಕ್ಕೆ ಆಗ್ತದೆ, ಕಡಿಮೆಗೆ ಕೊಟ್ಟರೆ ತಕೊಳ್ತೇನೆ ಅಂದ.”

“ನೋಡು. ಸಿದ್ರಾಮನ ಮೇಲೆ ಅನುಮಾನ ಬಂದ ನಿನಗೆ ಈ ಮಾತಿನ ಮೇಲೆ ಅನುಮಾನ ಬರಲಿಲ್ಲ.”

“ಅವರು ದೊಡ್ಡ ಮನುಷ್ಯ ಅಕ್ಕ.”

“ಹೌದು, ದೊಡ್ಡ ಮನುಷ್ಯರು ಯಾವತ್ತೂ ಚೌಕಾಶಿಗೆ ಸುಳ್ಳು ಹೇಳಿದವರೇ ಅಲ್ಲ.”

ಅವನ ಕಿವಿ ಕೆಂಪಾಯಿತು. ತ್ಯಾಂಪಣ್ಣ ಶೆಟ್ಟರಿಗೂ ಸಿಟ್ಟು ಬಂದಾಗ ಕಿವಿಯೇ ಮೊದಲು ಕೆಂಪಾಗುತ್ತಿತ್ತು. ಒಂದು ಕ್ಷಣ ಮನಸ್ಸು ಮೆತ್ತಗಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

“ಹಾಗಾದ್ರೆ ಕೋಪರಖೈರಣೆಯಲ್ಲಿ ಟೆಂಪೊ ಯಾಕೆ ನಿಂತದ್ದು?” ಎಂದ ಅವನು, ದನಿ ಏರಿಸಿ. “ಠಾಣೆಯಿಂದ ಸೀದಾ ಬಾ ಅಂತ ಹೇಳಿದ್ದೆ. ಇವನು ತನ್ನ ಗಲ್ಲಿಗೆ ಗಾಡಿ ತಿರುಗಿಸಿದ್ದಾನೆ. ಎದುರಿನ ಮೊಬೈಲ್ ಅಂಗಡಿಯವ ಪೊಲೀಸರಿಗೆ ಹೇಳಿದ್ದಾನೆ, ಟೆಂಪೊದ ಸುತ್ತ ಜನವೋ ಜನ, ಚಾದರ ಕಟ್ಟಿ ಮರೆ ಮಾಡಿದ್ರು ಅಂತ. ಚಾದರ ಯಾಕೆ ಅಕ್ಕ? ಮುಚ್ಚುಮರೆ ಯಾಕೆ? ಆ ಗಲ್ಲಿಯಲ್ಲಿ ಹಮಾಲರಿಗೆ ಬರಗಾಲವಾ? ಎಂಟು ಜನ ಸೇರಿದರೆ ಇಂಥ ಮೂರ್ತಿ ಇಳಿಸಿ ಇನ್ನೊಂದು ಏರಿಸಲಿಕ್ಕೆ ಎಷ್ಟು ಹೊತ್ತು?”

ನಾನು ಸ್ಟೂಲಿನ ಮೇಲಿಂದಲೇ ಗುರಮ್ಮನ ಕಡೆ ತಿರುಗಿದೆ. “ಹೇಳು ತಾಯಿ. ಬೆಳಿಗ್ಗೆ ನನಗೆ ಹೇಳಿದ್ದನ್ನು ಇವನಿಗೂ ಹೇಳು.”

ಗುರಮ್ಮ ಸೆರಗು ಸರಿಮಾಡಿಕೊಂಡಳು. “ಉಡಿ ತುಂಬಿದ್ವಿರಿ ಸಾಹೇಬರ.”

“ಏನು?”

“ದೇವಿ ಉಡಿ. ದೊಡ್ಡ ದೇವಿ ನಮ್ಮ ಓಣಿ ಹಾದು ಹೊಂಟಾಳ, ಹಂಗ ಕಳಸಾಕ ಬರ್ತದೇನ್ರಿ? ನಾನಽ ಫೋನ್ ಮಾಡಿ ಗಾಡಿ ತಿರಗಸು ಅಂದೆ. ಅವರು ಬ್ಯಾಡ ಅಂದ್ರು, ಸಾಹೇಬರು ಬೈತಾರ ಅಂದ್ರು. ನಾನ ಕೇಳಲಿಲ್ಲ. ಅಕ್ಕಿ, ಕಾಯಿ, ಕುಪ್ಪಸದ ಕಣ, ಅರಿಷಿಣ ಕುಂಕುಮ, ಎಲ್ಲಾ ಹೆಣ್ಮಕ್ಕಳು ಕೂಡಿ ತುಂಬಿದ್ವಿ. ಆಕೀಗೆ ಮೈ ಮ್ಯಾಲೆ ಸೀರಿ ಇರಲಿಲ್ರಿ. ಪ್ಲಾಸ್ಟಿಕ್ ಸುತ್ತಿ ಕಳಿಸಿದ್ರಿ ನೀವು. ಹಿಂಗ ನಿಂತಾಳಲ್ಲಾ ನಮ್ಮವ್ವ, ಗಂಡಸರು ಓಡಾಡೂ ಜಾಗ, ಅಂತ ಚಾದರ ಹಿಡಿದ್ವಿ.”

ಯೋಗೀಶ ಅವಳನ್ನೇ ನೋಡಿದ. ಅವನ ಅಜ್ಜಿ ಎಂದೋ ಮಾಡಿದ್ದನ್ನು ವಿಜಯಪುರದ ಈ ಹೆಂಗಸು ರಸ್ತೆಯಲ್ಲಿ ನಿಂತು ಮಾಡಿದ್ದಳು.

“ಇದನ್ನು ಪೊಲೀಸರಿಗೆ ಹೇಳಿದ್ರಾ?” ಎಂದ ಕೊನೆಗೆ.

“ಹೇಳಿದ್ವಿರಿ. ನಕ್ಕರು.”

“ಕಥೆ ಚೆನ್ನಾಗಿದೆ,” ಎಂದ ಅವನು, ಈ ಸಲ ಮೆಲ್ಲಗೆ. “ಆದ್ರೆ ಚಾದರದ ಒಳಗೆ ಏನಾಯ್ತು ಅಂತ ನೋಡಿದವರು ಯಾರು? ಎಲ್ಲ ಅವರ ಕಡೆಯವರೇ. ಹೊಳಪಿದ್ದ ಮೂರ್ತಿ ಹೊರಟದ್ದು, ಹೊಳಪಿಲ್ಲದ ಮೂರ್ತಿ ತಲುಪಿದ್ದು. ಅದಕ್ಕೆ ಉತ್ತರ ಕೊಡಿ ಜಯಲತಕ್ಕ, ನಾನು ಈಗಲೇ ಸ್ಟೇಷನ್ನಿಗೆ ಬರ್ತೇನೆ.”

ನ್ಯಾಯವಾದ ಮಾತು. ಆ ಉತ್ತರ ಹುಡುಕಲೆಂದೇ ಸ್ಟೂಲು ಹತ್ತಿದ್ದೆ.

ಮತ್ತೆ ತೆನೆಯಮ್ಮನ ಕಡೆ ತಿರುಗಿದೆ. ಶಿಲ್ಪಿ ಅವಳ ಕೂದಲನ್ನು ಹಿಂದಕ್ಕೆ ಬಾಚಿ ಗಂಟು ಕಟ್ಟಿದ್ದ. ಕಿವಿಯ ಹಿಂದೆ ಕೂದಲಿನ ಸುರುಳಿಯೊಂದು ಕತ್ತಿನವರೆಗೆ ಇಳಿದು, ಅದರ ಅಡಿಯಲ್ಲಿ ಬೆರಳು ಹೋಗುವಷ್ಟು ಸಂದು. ಸಂದಿನೊಳಗೆ ಏನೋ ಹೊಳೆಯಿತು.

“ಟಾರ್ಚು ಇನ್ನೂ ಎಡಕ್ಕೆ.”

ಸಂದಿನೊಳಗಿನ ಕಲ್ಲು ಕನ್ನಡಿಯ ಹಾಗಿತ್ತು. ನುಣುಪು, ತಣ್ಣಗೆ, ಒಳಗೆ ಸಕ್ಕರೆಯಂಥ ಹರಳು. ಎರಕ ಹೊಯ್ದದ್ದರಲ್ಲಿ ಇಂಥ ಹರಳು ಇರುವುದಿಲ್ಲ. ಅಚ್ಚಿನ ಎರಡು ಹೋಳು ಕೂಡುವ ಗೆರೆ ಎಲ್ಲಾದರೂ ಕಾಣಬೇಕು, ಅದೂ ಇರಲಿಲ್ಲ. ಸೆರಗಿನ ನಿರಿಗೆಗಳ ಅಡಿಯಲ್ಲಿ, ಕೈ ತಲುಪದ ಕಡೆ, ಅದೇ ಹೊಳಪು. ತೆನೆಕಟ್ಟಿನ ಹಿಂಬದಿಯಲ್ಲಿಯೂ ಅದೇ. ಮಂಕಾಗಿದ್ದದ್ದು ಬೆರಳು ತಲುಪುವ ಕಡೆ ಮಾತ್ರ.

ಯಾರೋ ಕೈಯಿಂದ ತಿಕ್ಕಿದ್ದಾರೆ.

ತಲೆಯಿಂದ ಹೇರ್‌ಪಿನ್ ತೆಗೆದು ಸಂದಿನಲ್ಲಿ ಆಡಿಸಿದೆ. ಕಂದು ಬಣ್ಣದ ನಾರೊಂದು ಅಂಟಿಕೊಂಡು ಬಂತು. ಮೂಗಿಗೆ ಹಿಡಿದೆ. ಆಮೇಲೆ, ಯೋಗೀಶ ಅಸಹ್ಯಪಡುತ್ತಿದ್ದರೂ, ನಾಲಗೆಗೂ ಮುಟ್ಟಿಸಿದೆ. ಸ್ಟೂಲಿನ ಮೇಲೆಯೇ ನನಗೆ ನಗು ಬಂದುಬಿಟ್ಟಿತು.

“ವಿಮಲಕ್ಕ,” ಎಂದು ಅಡುಗೆಮನೆಯ ಕಡೆ ಕೂಗಿದೆ. “ಸ್ವಲ್ಪ ಹುಣಸೆಹಣ್ಣು ಕಿವುಚಿ ತನ್ನಿ. ದಪ್ಪಗಿರಲಿ.”

ಯೋಗೀಶನ ತಾಯಿ ವಿಮಲಕ್ಕ ಸ್ಟೀಲಿನ ಬಟ್ಟಲು ಹಿಡಿದು ಬಂದರು. ಮದುಮಗಳಾಗಿ ಆ ಹೋಟೆಲಿನ ಮಾಳಿಗೆಗೆ ಬಂದ ಅವರನ್ನು ನಾನು ನೋಡಿದ್ದೇನೆ, ಬಾಗಿಲ ಸಂದಿಯಿಂದ ರಸ್ತೆ ನೋಡುತ್ತಿದ್ದ ಹುಡುಗಿ. ಈಗ ಮಂಡಿನೋವು, ದಪ್ಪ ಕನ್ನಡಕ. ನಾಲಗೆ ಮಾತ್ರ ಅಂದಿನಷ್ಟೇ ಚುರುಕು.

“ಏನು ಜಯಾ, ಸ್ಟೂಲಿನ ಮೇಲೆಯೇ ಸಾರು ಮಾಡ್ತೀಯಾ?”

“ಸಾರು ನೀವು ಮೊನ್ನೆಯೇ ಮಾಡಿ ಆಗಿದೆ. ಹೇಳಿ, ಮೂರ್ತಿ ಇಲ್ಲಿ ಇಳಿದ ಮೇಲೆ ಅದನ್ನು ತೊಳೆದದ್ದು ಯಾರು?”

“ನಾನೇ. ಇನ್ಯಾರು? ದಾರಿಯಲ್ಲಿ ಯಾರೆಲ್ಲ ಮುಟ್ಟಿದ್ದಾರೋ, ಮೈ ತುಂಬ ಅರಿಶಿನ ಕುಂಕುಮ, ದೀಪದ ಎಣ್ಣೆಮಸಿ ಬೇರೆ. ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು. ಮೀಯಿಸದೆ ಕಳಿಸ್ಲಿಕ್ಕಾಗ್ತದಾ? ಇವನು ಪ್ಲಾಸ್ಟಿಕ್ ಬಿಚ್ಚದೆಯೇ ಆಫೀಸಿಗೆ ಹೋದ, ಆಮೇಲೆ ಕೂತು ತೊಳೆದೆ.”

“ಯಾವುದರಲ್ಲಿ?”

“ಹುಣಸೆಹುಳಿಯಲ್ಲಿ. ಕಾಲುದೀಪ ತೊಳೆದ ಹಾಗೆ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದೆ.”

“ಅಮ್ಮ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ?” ಎಂದ ಯೋಗೀಶ.

“ಕೇಳಿದ್ದು ಯಾರು ಮಗಾ? ದೇವರು ತೊಳೆದದ್ದು, ದೀಪ ತೊಳೆದದ್ದು ಎಲ್ಲ ಪೊಲೀಸರಿಗೆ ಹೇಳ್ಬೇಕಾ?”

ನಾನು ಸ್ಟೂಲಿನಿಂದ ಇಳಿದು ಪೀಠದ ಹಿಂಭಾಗಕ್ಕೆ ಹೋದೆ. ಗೋಡೆಯ ಕಡೆಗಿದ್ದ ಆ ಭಾಗಕ್ಕೆ ವಿಮಲಕ್ಕನ ಕೈ ಹೋಗಿರಲಿಲ್ಲ, ಹೊಳಪು ಹಾಗೇ ಇತ್ತು. ಒಂದು ಬೆರಳು ಹುಳಿ ಹಚ್ಚಿದೆ.

“ಬಗ್ಗಿ ನೋಡು.”

ಯೋಗೀಶ ಮೊಣಕಾಲೂರಿದ. ವಿಮಲಕ್ಕನೂ ಗೋಡೆ ಹಿಡಿದು ಬಗ್ಗಿದರು. ಹುಳಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು, ಒಡೆದವು, ಮತ್ತೆ ಎದ್ದವು. ಸ್ವಲ್ಪ ಕಾದು ಒದ್ದೆ ಬಟ್ಟೆಯಿಂದ ಒರೆಸಿದೆ. ಬೆರಳಗಲದ ಜಾಗ ಮುಖದ ಹಾಗೆಯೇ ಮಂಕಾಗಿತ್ತು.

“ಹುಳಿ ಅಮೃತಶಿಲೆಯನ್ನು ತಿನ್ನುತ್ತದೆ,” ಎಂದೆ. “ಹಿತ್ತಾಳೆಗೆ ಹೊಳಪು ಕೊಡುವ ಹುಣಸೆ ಇದರ ಹೊಳಪನ್ನು ತೆಗೆಯುತ್ತದೆ. ಇಟಲಿಯವರು ತಿಂಗಳುಗಟ್ಟಲೆ ಉಜ್ಜಿ ತಂದ ಮೆರುಗನ್ನು ನಿನ್ನ ಅಮ್ಮ ಒಂದು ಬಟ್ಟಲು ಹುಳಿಯಲ್ಲಿ ಇಳಿಸಿದ್ದಾರೆ. ನಿನ್ನ ಹೃಷೀಕೇಶ ಪುಸ್ತಕದಲ್ಲಿ ಎಲ್ಲ ಓದಿರಬಹುದು, ಶೆಟ್ಟರ ಮನೆಯ ಹೆಂಗಸರು ದೇವರು ತೊಳೆಯುವ ಕ್ರಮ ಓದಿರಲಿಕ್ಕಿಲ್ಲ. ಅಥವಾ ಗೊತ್ತಿದ್ದೂ ಚೌಕಾಶಿ ಮಾಡಿದ. ಅದು ಆಮೇಲೆ ನೋಡುವ. ಇನ್ನು ಫೋಟೊ ಕೊಡು.”

ಫೋಟೊದಲ್ಲಿ ತೆನೆಕಟ್ಟಿನ ಒಂದು ತೆನೆಯ ತುದಿ ಮುರಿದಿತ್ತು. ಇಲ್ಲಿಯೂ ಅದೇ ತೆನೆ, ಅದೇ ಮುರುಕು.

“ಫೋಟೊದಲ್ಲಿ ಇರುವವಳೇ ಇವಳು. ಅಸಲಿ ಅಮೃತಶಿಲೆ. ಅಮೃತಶಿಲೆಯನ್ನು ಕದ್ದು ಅದರ ಜಾಗದಲ್ಲಿ ಅಮೃತಶಿಲೆಯನ್ನೇ ನಿಲ್ಲಿಸಿ ಹೋಗುವ ಹುಚ್ಚ ಕಳ್ಳ ಯಾರಿದ್ದಾನೆ ಹೇಳು. ಮೂರ್ತಿ ಬದಲಾಗಲೇ ಇಲ್ಲ. ಕಳುವೇ ಆಗಿಲ್ಲ ಅಂದ ಮೇಲೆ ಕಳ್ಳ ಎಲ್ಲಿಂದ ಬಂದ?”

ಯೋಗೀಶ ನೆಲದ ಮೇಲೆಯೇ ಕುಳಿತುಬಿಟ್ಟ. ಮುಖದಲ್ಲಿ ಒಂದರ ಮೇಲೊಂದು ಏನೇನೋ ಬಂದುಹೋಯಿತು, ಕೊನೆಗೆ ಉಳಿದದ್ದು ನಾಚಿಕೆ. ಹುಡುಗ ಕೆಟ್ಟವನಲ್ಲ. ಅವಸರದವನು.

“ಲಾಕಪ್ಪಿನಲ್ಲಿ ಅವನಿಗೆ ಹೊಡೆದಿದ್ದಾರಾ?” ಎಂದು ಗುರಮ್ಮನನ್ನು ಕೇಳಿದ, ಅವಳ ಕಡೆ ನೋಡದೆ.

“ಎರಡು ಬಿಟ್ಟಾರ್ರಿ,” ಎಂದಳು ಅವಳು. “ಹೆಚ್ಚೇನಿಲ್ಲ.”

ಅವನು ಎದ್ದು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದ, ಗಾಜಿನ ಬಾಗಿಲು ಎಳೆದುಕೊಂಡ. ಇನ್‌ಸ್ಪೆಕ್ಟರರ ಜೊತೆ ಮರಾಠಿಯಲ್ಲಿ ಮಾತಾಡುತ್ತ ಅವನ ಕೈ ಗಾಳಿಯಲ್ಲಿ ಆಡುವುದು ಕಾಣುತ್ತಿತ್ತು. ಗುರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಹೆಗಲು ಕುಲುಕಿತು. ಸಂಬಳದ ದಿನ ಗೋಳಿಬಜೆ ತಿನ್ನುತ್ತಿದ್ದ ಆ ಟೈಪಿಸ್ಟ್ ಹುಡುಗಿ ಎಲ್ಲಿಂದಲೋ ಎದ್ದು ಬಂದು ಪಕ್ಕದಲ್ಲಿ ನಿಂತ ಹಾಗೆ ಅನ್ನಿಸಿತು. ಹೋಟೆಲು ಹೋದರೂ ಇವಳಾದರೂ ಉಳಿದಳಲ್ಲ ಎಂದು ತೆನೆಯಮ್ಮನ ಪಾದ ಮುಟ್ಟಿದೆ.

“ಜಯಾ, ಇಂಚಿ ಬಲ,” ಎಂದು ವಿಮಲಕ್ಕ ತಮ್ಮತ್ತ ಕರೆದರು.

ಅವರು ಇನ್ನೂ ಪೀಠದ ಹಿಂದೆ, ಗೋಡೆ ಹಿಡಿದು ಹಾಗೇ ನಿಂತಿದ್ದರು. ತುಳುವಿಗೆ ತಿರುಗಿದ್ದರೆಂದರೆ ಗುರಮ್ಮನಿಗೆ ತಿಳಿಯಬಾರದ ಮಾತು. ಹತ್ತಿರ ಹೋದೆ. ಮುಂದಿನದೆಲ್ಲ ತುಳುವಿನಲ್ಲೇ ನಡೆಯಿತು.

“ಹುಳಿ ಹಾಕಿದರೆ ಗುಳ್ಳೆ ಬರುವುದು, ಅದು ಯಾವಾಗಲೂ ಹಾಗೆಯಾ?”

“ಅಮೃತಶಿಲೆಯಾದರೆ ಯಾವಾಗಲೂ.”

“ಒಂದು ಸಲ ತೊಳೆದರೂ ಮಂಕಾಗುತ್ತದಾ?”

“ಕಣ್ಣೆದುರೇ ಉಂಟಲ್ಲ ವಿಮಲಕ್ಕ. ನಿಮ್ಮನ್ನು ಯಾರೂ ಬೈಯುವುದಿಲ್ಲ, ಗೊತ್ತಿಲ್ಲದೆ ಮಾಡಿದ್ದು.”

“ಗೊತ್ತಿಲ್ಲದೆ ಅಲ್ಲ,” ಎಂದರು ಅವರು. ದನಿ ತೀರಾ ಸಣ್ಣದಾಗಿತ್ತು. “ನವರಾತ್ರಿಗೆ ಮೊದಲು ಒಂದು ದಿನ ಹೋಟೆಲು ಮುಚ್ಚುತ್ತಿದ್ದೆವು, ನೆನಪುಂಟಾ? ಸೀರೆ ಬಿಚ್ಚಿ ಮೀಯಿಸುವ ದಿನ. ಗಂಡಸರು ಯಾರೂ ಒಳಗೆ ಇರುವ ಹಾಗಿಲ್ಲ. ಅತ್ತೆ ಇದ್ದಷ್ಟು ದಿನ ಅತ್ತೆಯ ಜೊತೆ, ಆಮೇಲೆ ನಾನೊಬ್ಬಳೇ. ಮದುವೆಯಾದ ವರ್ಷದಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಹೀಗೇ ಹುಣಸೆಹುಳಿ, ಹೀಗೇ ಹಚ್ಚಿ ಬಿಡುವುದು, ಹೀಗೇ ತಿಕ್ಕುವುದು.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

“ಪ್ರತಿ ವರ್ಷ?”

“ಪ್ರತಿ ವರ್ಷ. ಒಂದು ಗುಳ್ಳೆ ಬಂದದ್ದಿಲ್ಲ. ತೊಳೆದಷ್ಟೂ ಹೊಳೆಯುತ್ತಿದ್ದಳು. ಮೊನ್ನೆ ಇಲ್ಲಿ ತೊಳೆಯುವಾಗ ಕೈಯಡಿಯಲ್ಲಿ ಏನೋ ಜುಮುಜುಮು ಅಂತಿತ್ತು. ಕನ್ನಡಕ ಹಾಕಿರಲಿಲ್ಲ, ಹುಳಿ ಹಳತು ಅಂದುಕೊಂಡೆ.” ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. “ಇಂದು ನಮ್ಮ ಅಪ್ಪೆ ಅತ್ತ್ ಜಯಾ.”

ಇದು ನಮ್ಮ ತಾಯಿ ಅಲ್ಲ.

ನಾನು ತೆನೆಯಮ್ಮನ ಬೆನ್ನನ್ನೇ ನೋಡುತ್ತ ನಿಂತೆ. ಒಂದೇ ತೊಳೆತಕ್ಕೆ ಇವಳ ಮುಖ ಹೀಗಾಗಿದೆ. ಪ್ರತಿ ನವರಾತ್ರಿಗೆ ಹುಳಿಯಲ್ಲಿ ಮಿಂದೂ ಹೊಳೆಯುತ್ತಿದ್ದವಳು ಅಮೃತಶಿಲೆ ಆಗಿರಲು ಸಾಧ್ಯವೇ ಇಲ್ಲ. ನಾನು ಕಂಡ, ಶೆಟ್ಟರ ಮನೆಯವರು ಪೂಜಿಸಿದ, ಫೋಟೊ ತೆಗೆಸಿಕೊಂಡ ತೆನೆಯಮ್ಮ ಬೇರೆ ಯಾವುದೋ ಕಲ್ಲಿನ ಪ್ರತಿ, ತೆನೆಯ ಮುರುಕನ್ನೂ ಬಿಡದೆ ಇವಳನ್ನು ನೋಡಿ ಮಾಡಿದ್ದು. ಅಸಲು ಇಷ್ಟು ವರ್ಷ ಎಲ್ಲಿತ್ತೋ. ಈಗ ಯಾರೋ ನಕಲನ್ನು ಒಯ್ದು ಅಸಲನ್ನು ಇಲ್ಲಿ ನಿಲ್ಲಿಸಿದ್ದಾರೆ. ಅಂಥ ಹುಚ್ಚ ಯಾರಿದ್ದಾನೆ ಎಂದು ಈಗಷ್ಟೇ ಕೇಳಿದವಳು ನಾನೇ.

ಹಾಗಾದರೆ ಮೂರ್ತಿ ಬದಲಾದದ್ದು ನಿಜ. ಠಾಣೆಯಲ್ಲಿಯೇ ಬದಲಾಯಿತೋ ದಾರಿಯಲ್ಲಿ ಬದಲಾಯಿತೋ ನನಗೆ ಗೊತ್ತಿಲ್ಲ. ಆದರೆ ದಾರಿಯಲ್ಲಿ ಟೆಂಪೊ ನಿಂತದ್ದು ಒಂದೇ ಕಡೆ, ಚಾದರದ ಮರೆಯಲ್ಲಿ, ಗುರಮ್ಮನ ಮನೆಯ ಮುಂದೆ. ಪೊಲೀಸರಿಗೆ ಅಷ್ಟು ಸಾಕು.

ಬಾಲ್ಕನಿಯ ಬಾಗಿಲು ಸರಿಯಿತು. ಯೋಗೀಶ ಕಣ್ಣೊರೆಸಿಕೊಂಡು ಒಳಗೆ ಬಂದ.

“ಸಾಹೇಬರು ಒಪ್ಪಿದ್ರು ಅಕ್ಕ. ಆದ್ರೆ ನನ್ನ ಬಾಯಿಮಾತು ಸಾಕಾಗುವುದಿಲ್ಲವಂತೆ. ನೀವು ಸರ್ವೇಯರ್ ಆಗಿದ್ದವರು, ನೀವೇ ಪರೀಕ್ಷೆ ಮಾಡಿದ್ದು. ಮೂರ್ತಿ ಬದಲಾಗಿಲ್ಲ ಅಂತ ಎರಡು ಸಾಲು ಬರೆದು ಸಹಿ ಹಾಕ್ಬೇಕಂತೆ. ಹಾಕಿದ್ರೆ ಸಂಜೆಯೊಳಗೆ ಸಿದ್ರಾಮನನ್ನು ಬಿಡ್ತಾರೆ. ನಡೀರಿ, ಕಾರು ತೆಗೀತೇನೆ.”

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಸುಳ್ಳೆಂದು ಗೊತ್ತಿದ್ದೂ ನಾನು ಸಹಿ ಹಾಕಿದ್ದಿಲ್ಲ. ವಿಮಲಕ್ಕ ನನ್ನ ಮಣಿಕಟ್ಟು ಬಿಡಲಿಲ್ಲ, ಮಗನಿಗೆ ಏನೂ ಹೇಳಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

“ನಡೀರಿ ಅಕ್ಕಾರ,” ಎಂದಳು ಗುರಮ್ಮ. ಅವಳು ಆಗಲೇ ಎದ್ದು, ಸ್ಟ್ಯಾಂಡಿನಿಂದ ನನ್ನ ಚಪ್ಪಲಿ ತೆಗೆದು, ಮೆಟ್ಟಲು ಸುಲಭವಾಗುವ ಹಾಗೆ ಹೊರಮುಖವಾಗಿ ಜೋಡಿಸಿ ಇಟ್ಟು ನಿಂತಿದ್ದಳು.